ಅಗಸ್ತ್ಯತೀರ್ಥದ ಸುತ್ತ ಒಂದು ದಿನ: ಬಾದಾಮಿಯಲ್ಲಿ ನೋಡಬೇಕಾದದ್ದು, ಮಾಡಬಹುದಾದದ್ದು

ಬಾದಾಮಿಗೆ ಬರುವ ಪ್ರವಾಸಿ ಬಸ್ಸುಗಳ ವೇಳಾಪಟ್ಟಿ ಬಹುಮಟ್ಟಿಗೆ ಒಂದೇ ತೆರನಾದುದು. ಬೆಳಿಗ್ಗೆ ಐಹೊಳೆ, ಮಧ್ಯಾಹ್ನ ಪಟ್ಟದಕಲ್ಲು, ಹೊತ್ತು ಇಳಿಯುವಾಗ ಬಾದಾಮಿ. ಚಾಲುಕ್ಯರ ರಾಜಧಾನಿಯ ಪಾಲಿಗೆ ಉಳಿಯುವುದು ಒಂದು ತಾಸು. ಹೆಚ್ಚೆಂದರೆ ಒಂದೂವರೆ ತಾಸು. ಅಷ್ಟರಲ್ಲಿ ನಾಲ್ಕು ಗುಹೆಗಳ ಮೆಟ್ಟಿಲು ಹತ್ತಿ ಇಳಿದು, ಮೇಲಿನಿಂದ ಕಾಣುವ ಕೆರೆಯ ಚಿತ್ರ ತೆಗೆದುಕೊಂಡು, ಕೋತಿಗಳಿಂದ ಕೈಚೀಲ ಉಳಿಸಿಕೊಂಡು ಬಸ್ಸು ಹತ್ತಿದರೆ ಬಾದಾಮಿ ನೋಡಿದಂತಾಯಿತು ಎಂಬುದು ರೂಢಿ. ಆದರೆ ಮೇಲಿನಿಂದ ಕಂಡ ಆ ಕೆರೆಯೇ ಊರಿನ ನಡುಮನೆ ಎಂಬುದು ಹೀಗೆ ಬಂದು ಹೋದವರಿಗೆ ತಿಳಿಯುವುದೇ ಇಲ್ಲ. ದಕ್ಷಿಣದ ಗುಡ್ಡದಲ್ಲಿರುವ ಗುಹೆಗಳು ಬಾದಾಮಿಯ ಒಂದು ಬದಿ ಮಾತ್ರ. ಉಳಿದುದೆಲ್ಲ ಕೆರೆಯ ಇನ್ನುಳಿದ ಮೂರು ದಂಡೆಗಳ ಮೇಲಿದೆ.

ಬಾಗಲಕೋಟೆ ಜಿಲ್ಲೆಯ ಈ ತಾಲ್ಲೂಕು ಕೇಂದ್ರದ ಜನಸಂಖ್ಯೆ 2011ರ ಗಣತಿಯಂತೆ ಸುಮಾರು 31 ಸಾವಿರ. ಪೂರ್ವ, ಉತ್ತರ, ದಕ್ಷಿಣ ಮೂರೂ ಕಡೆ ಕೆಂಪು ಮರಳುಗಲ್ಲಿನ ಗುಡ್ಡಗಳು; ನಡುವೆ ಅಗಸ್ತ್ಯತೀರ್ಥ; ಪಶ್ಚಿಮಕ್ಕೆ ಕಲ್ಲಿನ ಏರಿ; ಏರಿಯ ಕೆಳಗೆ ಊರು. ಗುಡ್ಡಗಳ ಮೇಲೆ ಬಿದ್ದ ಮಳೆಯ ನೀರೇ ಈ ಕೆರೆಗೆ ಆಧಾರ. ಜೋರು ಮಳೆಯಾದಾಗ ಭೂತನಾಥ ಗುಡಿಯ ಹಿಂಬದಿಯ ಬಂಡೆಗಳ ಮೇಲಿನಿಂದ ಜೋಡಿ ಜಲಧಾರೆಗಳು ಧುಮುಕುತ್ತವೆ. ಊರಿನವರು ಅವನ್ನು ಅಕ್ಕ–ತಂಗಿಯರೆಂದು ಕರೆಯುತ್ತಾರೆ. ಮಳೆ ನಿಂತ ಕೆಲವೇ ಹೊತ್ತಿನಲ್ಲಿ ಅಕ್ಕನೂ ಇಲ್ಲ, ತಂಗಿಯೂ ಇಲ್ಲ. ಆ ದೃಶ್ಯ ಸಿಕ್ಕವರು ಅದೃಷ್ಟವಂತರು.

ಊರಿಗೂ ಕೆರೆಗೂ ಹೆಸರು ಕೊಟ್ಟಿರುವುದು ಪುರಾಣದ ಒಂದೇ ಕಥೆ. ವಾತಾಪಿ, ಇಲ್ವಲರೆಂಬ ರಾಕ್ಷಸ ಸಹೋದರರು ದಾರಿಹೋಕರನ್ನು ಊಟಕ್ಕೆ ಕರೆದು ಕೊಲ್ಲುತ್ತಿದ್ದರು. ಆಡಿನ ರೂಪ ತಾಳಿ ಅಡುಗೆಯಾದ ವಾತಾಪಿ, ಅಣ್ಣ ಕರೆದೊಡನೆ ಅತಿಥಿಯ ಹೊಟ್ಟೆ ಸೀಳಿ ಹೊರಬರುತ್ತಿದ್ದ. ಅಗಸ್ತ್ಯರು ಉಂಡು, ಹೊಟ್ಟೆ ಸವರಿ, ಅವನನ್ನು ಅಲ್ಲಿಯೇ ಜೀರ್ಣಿಸಿಕೊಂಡರು. ಕೆರೆಯ ಇಕ್ಕೆಲದ ಗುಡ್ಡಗಳೇ ಆ ಇಬ್ಬರು ರಾಕ್ಷಸರು ಎಂದು ಹಿರಿಯರು ಇಂದಿಗೂ ಬೆರಳು ಮಾಡಿ ತೋರಿಸುತ್ತಾರೆ.

ಮೊದಲು ಗುಹೆಗಳು

ಬಸ್ ನಿಲ್ದಾಣದಿಂದ ಗುಹೆಗಳ ಬುಡಕ್ಕೆ ನಡೆದೇ ಹೋಗಬಹುದು. ಕೆಳಗೆ ಮಸೀದಿ, ಗೋರಿ. ಮೇಲೆ ಶೈವ, ವೈಷ್ಣವ, ಜೈನ ಗುಹೆಗಳು. ಒಂದೇ ಗುಡ್ಡದ ಮಗ್ಗುಲಲ್ಲಿ ಇಷ್ಟು ಮತಗಳು ನೆರೆಹೊರೆಯಾಗಿರುವುದು ಈ ಊರಿಗೆ ವಿಶೇಷವೇನೂ ಅಲ್ಲ.

ಮೊದಲನೆಯ ಗುಹೆಯ ಹೊರಮೈಯಲ್ಲಿ ಹದಿನೆಂಟು ತೋಳುಗಳ ನಟರಾಜನಿದ್ದಾನೆ. ಬಲಗೈಗಳಲ್ಲೊಂದನ್ನು ಎಡಗೈಗಳಲ್ಲೊಂದರೊಡನೆ ಜೋಡಿಸುತ್ತ ಹೋದರೆ ಎಂಬತ್ತೊಂದು ನೃತ್ಯಭಂಗಿಗಳು ದೊರೆಯುತ್ತವೆ ಎಂಬ ಲೆಕ್ಕವನ್ನು ಮಾರ್ಗದರ್ಶಕರು ತಪ್ಪದೆ ಹೇಳುತ್ತಾರೆ. ಒಂಬತ್ತೊಂಬತ್ತಲೆ ಎಂಬತ್ತೊಂದು ಎನ್ನುವುದು ಸರಿಯೇ. ಆದರೆ ಲೆಕ್ಕ ಮುಗಿದ ಮೇಲೆ ಒಂದು ಗಳಿಗೆ ನಿಂತು ಶಿಲ್ಪವನ್ನು ನೋಡುವುದು ಒಳಿತು. ಕಲ್ಲಿನ ಪದರಗಳ ಗೆರೆಗಳು ದೇಹದ ಮೇಲೆ ಅಡ್ಡಲಾಗಿ ಹಾದುಹೋಗಿವೆ. ಶಿಲ್ಪಿ ಆ ಗೆರೆಗಳೊಡನೆ ಜಗಳವಾಡಿಲ್ಲ. ಒಳಗೆ ಹರಿಹರ ಮತ್ತು ಅರ್ಧನಾರೀಶ್ವರರ ದೊಡ್ಡ ಉಬ್ಬುಶಿಲ್ಪಗಳು ಎದುರುಬದುರಾಗಿವೆ. ಎರಡನೆಯ ಗುಹೆಯಲ್ಲಿ ತ್ರಿವಿಕ್ರಮ ಮತ್ತು ವರಾಹ ಮುಖ್ಯ.

ಸಮಯ ಕಡಿಮೆಯಿದ್ದರೆ ಮೂರನೆಯ ಗುಹೆಗೆ ಹೆಚ್ಚು ಹೊತ್ತು ಮೀಸಲಿಡಬೇಕು. ನಾಲ್ಕರಲ್ಲಿ ಅತ್ಯಂತ ದೊಡ್ಡದು ಇದೇ. ಶಕವರ್ಷ 500, ಎಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆಯಂದು ಮಂಗಳೇಶ ಈ ವಿಷ್ಣುಗೃಹವನ್ನು ಪೂರ್ಣಗೊಳಿಸಿದನೆಂದು ಅಲ್ಲಿಯ ಶಾಸನ ಹೇಳುತ್ತದೆ. ಆಗ ಸಿಂಹಾಸನದಲ್ಲಿದ್ದವನು ಮಂಗಳೇಶನ ಅಣ್ಣ ಕೀರ್ತಿವರ್ಮ. ತಮ್ಮ ತಾನು ಗಳಿಸಿದ ಪುಣ್ಯವನ್ನು ಅಣ್ಣನಿಗೆ ಅರ್ಪಿಸಿದ್ದಾನೆ. ಕಟ್ಟಿದ ದಿನವೇ ಹೀಗೆ ಖಚಿತವಾಗಿ ತಿಳಿದಿರುವ ಪ್ರಾಚೀನ ಗುಹಾಲಯಗಳು ದೇಶದಲ್ಲಿ ಬಹಳ ಇಲ್ಲ. ಸುತ್ತಲಿನ ಎಷ್ಟೋ ಗುಹೆ, ಗುಡಿಗಳ ಕಾಲವನ್ನು ವಿದ್ವಾಂಸರು ಅಳೆಯುವುದು ಇದರ ಪಕ್ಕದಲ್ಲಿಟ್ಟೇ. ಮಂಗಳೇಶನ ಚಿಕ್ಕದೊಂದು ಕನ್ನಡ ಶಾಸನವೂ ಇಲ್ಲಿಯೇ ಇದೆ. ಗುಡಿಯ ಪೂಜೆಗೆಂದು ಲಂಜಿಗೇಸರ ಎಂಬ ಗ್ರಾಮವನ್ನು ಬಿಟ್ಟುಕೊಟ್ಟ ವಿಷಯ ಅದರಲ್ಲಿದೆ. ಆ ಗ್ರಾಮ ಇಂದಿನ ನಂದಿಕೇಶ್ವರ; ಮಹಾಕೂಟದ ಹತ್ತಿರ ಈಗಲೂ ಜನ ಬಾಳುತ್ತಿರುವ ಊರು. ಹಾಸಿನ ಮೇಲೆ ಕುಳಿತಂತೆ ಶೇಷನ ಸುರುಳಿಯ ಮೇಲೆ ಕುಳಿತ ವಿಷ್ಣು, ಕೋಲಿನಂತೆ ಗದೆಯನ್ನೂರಿ ನಿಂತ ನರಸಿಂಹ, ಕಂಬಗಳ ಬೋದಿಗೆಗಳಲ್ಲಿನ ದಂಪತಿಗಳು, ಸೂರಿನ ಅಂಚಿನಲ್ಲಿ ಮಸುಕಾಗಿ ಉಳಿದಿರುವ ಬಣ್ಣದ ಚಿತ್ರಗಳು, ಇವನ್ನು ನೋಡಲು ಅವಸರ ಸಲ್ಲದು. ಬಂಡೆಯ ಮೇಲೆ ಕೋಳಿಮಂಚಿ ಮುಂತಾದ ಹೆಸರುಗಳೂ ಕೊರೆಯಲ್ಪಟ್ಟಿವೆ. ಅವು ರಾಜರ ಹೆಸರುಗಳಲ್ಲ, ಉಳಿ ಹಿಡಿದವರ ಹೆಸರುಗಳು.

ನಾಲ್ಕನೆಯದು ಜೈನ ಗುಹೆ. ಬಾಹುಬಲಿ, ಪಾರ್ಶ್ವನಾಥ, ಮಹಾವೀರರ ವಿಗ್ರಹಗಳಿವೆ. ಕೆರೆ ಪೂರ್ತಿಯಾಗಿ ಕಾಣುವುದು ಇಲ್ಲಿಂದ. ಎದುರಿಗೆ ಉತ್ತರದ ಗುಡ್ಡ, ಬಲಕ್ಕೆ ನೀರಿನ ತುದಿಯಲ್ಲಿ ಭೂತನಾಥ ಗುಡಿ, ಎಡಕ್ಕೆ ಏರಿ ಮತ್ತು ಮನೆಗಳ ಮಾಳಿಗೆಗಳು. ಮುಂದಿನ ನಡಿಗೆಯ ನಕ್ಷೆಯೇ ಕಣ್ಣ ಮುಂದೆ ಬಿಚ್ಚಿಟ್ಟಂತಿರುತ್ತದೆ. ಎರಡನೆಯ ಮತ್ತು ಮೂರನೆಯ ಗುಹೆಗಳ ನಡುವಿನಿಂದ ದಕ್ಷಿಣದ ರಣಮಂಡಲ ಕೋಟೆಗೆ ಏರುವ ಕಡಿದಾದ ಮೆಟ್ಟಿಲುಗಳಿಗೆ ಬಾಗಿಲು ಹಾಕಿ ವರ್ಷಗಳಾಗಿವೆ. ಅದನ್ನು ಹಾರಿ ಹೋಗುವ ಸಾಹಸ ಬೇಡ.

ಏರಿಯ ಮೇಲೆ, ಓಣಿಯ ಒಳಗೆ

ಬಹಳಷ್ಟು ಪ್ರವಾಸಿಗರು ಹಿಂದಿರುಗುವ ಈ ಘಟ್ಟದಲ್ಲಿಯೇ ನಿಜವಾದ ಬಾದಾಮಿ ಆರಂಭವಾಗುತ್ತದೆ. ಗುಹೆಗಳಿಂದ ಇಳಿದು ಕೆರೆಯ ಕಡೆ ತಿರುಗಿದರೆ ಮೆಟ್ಟಿಲುಗಳ ಮೇಲೆ ಬಟ್ಟೆ ಒಗೆಯುವ ಹೆಣ್ಣುಮಕ್ಕಳ ಸಾಲು. ಒಗೆತದ ಸಪ್ಪಳ ಎದುರಿನ ಬಂಡೆಗೆ ಬಡಿದು ಎರಡು ಪಟ್ಟಾಗಿ ಮರಳುತ್ತದೆ. ಏರಿಯ ಬದಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಯಲ್ಲಮ್ಮನ ಗುಡಿಯಿದೆ.

ಊರೊಳಗಿನ ಜಂಬುಲಿಂಗ ದೇವಾಲಯವನ್ನು ಕೇಳಿಕೊಂಡೇ ಹುಡುಕಬೇಕು, ಸುತ್ತಲೂ ಮನೆಗಳು. ವಿಜಯಾದಿತ್ಯನ ತಾಯಿ ವಿನಯವತಿ ಕ್ರಿ.ಶ. 699ರಲ್ಲಿ ಬ್ರಹ್ಮ, ವಿಷ್ಣು, ಮಹೇಶ್ವರರಿಗಾಗಿ ಮೂರು ಗರ್ಭಗುಡಿಗಳ ಈ ಆಲಯವನ್ನು ಕಟ್ಟಿಸಿದಳು. ಕರ್ನಾಟಕದ ಮೊದಮೊದಲ ತ್ರಿಕೂಟಗಳಲ್ಲಿ ಇದೊಂದು. ಬೇಲೂರು, ಹಳೇಬೀಡುಗಳಿಗೆ ನಾಲ್ಕು ಶತಮಾನ ಮೊದಲೇ ಒಬ್ಬ ರಾಜಮಾತೆ ಕಟ್ಟಿಸಿದ ಗುಡಿ ಹೀಗೆ ಹೆಚ್ಚಿನವರ ಕಣ್ಣಿಗೆ ಬೀಳದೆ ಉಳಿದಿರುವುದು ಸೋಜಿಗ.

ಈ ಓಣಿಗಳ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲನೆಯದರಲ್ಲಿ ಹೊಸ ಮನೆ ಕಟ್ಟುವಂತಿಲ್ಲ; ದುರಸ್ತಿಗೂ ಅನುಮತಿ ಬೇಕು. ಸ್ಮಾರಕ ಊರ ಹೊರಗಿದ್ದರೆ ಇದು ತೊಡಕಲ್ಲ. ಬಾದಾಮಿಯಲ್ಲಿ ಮಾತ್ರ ಸ್ಮಾರಕಗಳು ಊರಿನ ಮೂರು ಬದಿಗೂ, ಊರಿನ ಒಳಗೂ ಇವೆ. ಒಂದರ ನೂರು ಮೀಟರ್ ಮುಗಿಯುವಲ್ಲಿ ಇನ್ನೊಂದರದು ಮೊದಲಾಗುತ್ತದೆ. ಮಾಳಿಗೆ ಸೋರಿದರೂ ಅರ್ಜಿ, ಗೋಡೆ ಬಿದ್ದರೂ ಅರ್ಜಿ. ಕೆರೆಯ ದಂಡೆಯ ಮನೆಗಳನ್ನು ಸ್ಥಳಾಂತರಿಸುವ ಪ್ರಸ್ತಾಪವೂ ವರ್ಷಗಳಿಂದ ಕೇಳಿಬರುತ್ತಿದೆ. ಗುಡಿಗಳ ಅಂದಕ್ಕೆ ಈ ಮನೆಗಳು ಅಡ್ಡಿ ಎಂದು ಹೇಳುವವರಿದ್ದಾರೆ. ಗುಡಿಗಳಿಗೆ ತಲೆಮಾರುಗಳಿಂದ ದೀಪ ಹಚ್ಚಿದವರೂ ಇದೇ ಓಣಿಯವರು ಎಂಬುದನ್ನು ಮರೆಯಬಾರದು. ಇಲ್ಲಿ ನಡೆಯುವ ಪ್ರವಾಸಿಗರು ಬೇರೆಯವರ ಅಂಗಳದಲ್ಲಿ ನಡೆಯುತ್ತಿದ್ದೇವೆಂಬ ಎಚ್ಚರದಲ್ಲಿರಬೇಕು. ನೀರಿಗಿಳಿದ ಹೆಣ್ಣುಮಕ್ಕಳತ್ತ ಕೇಳದೆ ಕ್ಯಾಮೆರಾ ತಿರುಗಿಸುವುದಂತೂ ಸಭ್ಯತೆಯಲ್ಲ.

2015ರ ಜನವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಹೃದಯ್ ಪಾರಂಪರಿಕ ನಗರ ಯೋಜನೆಗೆ ದೇಶದ 12 ಊರುಗಳು ಆಯ್ಕೆಯಾದವು. ಕರ್ನಾಟಕದಿಂದ ಇದ್ದದ್ದು ಬಾದಾಮಿಯೊಂದೇ. ವಾರಾಣಸಿ, ಅಮೃತಸರಗಳ ಸಾಲಿನಲ್ಲಿ ಹೆಸರು ಬಂದಿತು. ಹಂಚಿಕೆಯಾದ ಮೊತ್ತ 22.26 ಕೋಟಿ ರೂಪಾಯಿ. ಯೋಜನೆ 2019ರಲ್ಲಿ ಮುಕ್ತಾಯವಾಯಿತು. ಪ್ರವಾಸಿಗರು ಒಂದು ತಾಸಿನಲ್ಲಿ ಹಿಂದಿರುಗುವ ರೂಢಿ ಮಾತ್ರ ಹಾಗೆಯೇ ಉಳಿದಿದೆ. ಉಳಿದುಕೊಳ್ಳುವವರಿಲ್ಲದಿದ್ದರೆ ಖಾನಾವಳಿಗೆ ಗಿರಾಕಿಯಿಲ್ಲ, ಆಟೊದವರಿಗೆ ಬಾಡಿಗೆಯಿಲ್ಲ, ಮಾರ್ಗದರ್ಶಕರಿಗೆ ಎರಡನೆಯ ದಿನದ ಕೆಲಸವಿಲ್ಲ. ಸ್ಮಾರಕಗಳ ಕಟ್ಟುಪಾಡನ್ನು ದಿನವೂ ಹೊರುವ ಊರಿಗೆ ಸ್ಮಾರಕಗಳಿಂದ ಬರುವ ಆದಾಯ ಅಲ್ಪವಾಗಿರುವುದಕ್ಕೆ ಈ ಅವಸರದ ಪ್ರವಾಸವೂ ಒಂದು ಕಾರಣ.

ಉತ್ತರದ ದಂಡೆ: ವಸ್ತುಸಂಗ್ರಹಾಲಯ ಮತ್ತು ಕೋಟೆ

ಕೆರೆಯ ಉತ್ತರ ದಂಡೆಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಚಿಕ್ಕ ಕಟ್ಟಡ, ದೊಡ್ಡ ಸಂಗ್ರಹ. ಸಮೀಪದ ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿ ಇಲ್ಲಿಯ ಹೆಸರುವಾಸಿ ಶಿಲ್ಪ. ತಲೆಯ ಜಾಗದಲ್ಲಿ ಅರಳಿದ ತಾವರೆ, ಹೆರಿಗೆಗೆ ಸಿದ್ಧಳಾದ ಭಂಗಿ. ಸಂತಾನಕ್ಕಾಗಿ ಹರಕೆ ಹೊರುತ್ತಿದ್ದವರ ದೇವತೆ. ಮುಜುಗರಪಟ್ಟು ಮುಂದೆ ಸಾಗುವವರೇ ಹೆಚ್ಚು; ಮೂರ್ತಿಯ ಮೈಯ ನಯವನ್ನು ಗಮನಿಸಿದವರು ಮಾತ್ರ ಮತ್ತೊಮ್ಮೆ ಹಿಂದಿರುಗಿ ನೋಡುತ್ತಾರೆ.

ಸಂಗ್ರಹಾಲಯದ ಪಕ್ಕದಿಂದಲೇ ಬಾವನ್‌ಬಂಡೆ ಕೋಟೆಗೆ ದಾರಿ. ಐವತ್ತೆರಡು ಬಂಡೆಗಳ ಕೋಟೆ ಎಂದು ಹೆಸರಿನ ಅರ್ಥ. ಎಣಿಸಿ ನೋಡುವ ಅಗತ್ಯವಿಲ್ಲ. ಎರಡು ಆಳೆತ್ತರವನ್ನೂ ಮೀರಿದ ಬಂಡೆಗಳ ನಡುವಿನ ಇಕ್ಕಟ್ಟಾದ ಸೀಳುಗಳಲ್ಲಿ ನಡೆಯುವಾಗ ತಲೆಯೆತ್ತಿದರೆ ಆಕಾಶ ಒಂದು ಪಟ್ಟಿಯಾಗಿ ಕಾಣುತ್ತದೆ. ಬೇಸಿಗೆಯ ನಡುಹಗಲಿನಲ್ಲಿಯೂ ಈ ಸೀಳುಗಳಲ್ಲಿ ತಂಪು. ದಾರಿಯಲ್ಲಿ ಸಿಗುವ ಕೆಳಗಿನ ಶಿವಾಲಯದಲ್ಲಿ ಉಳಿದಿರುವುದು ಗರ್ಭಗುಡಿ ಮತ್ತು ಶಿಖರ ಮಾತ್ರ. ತುದಿಯಲ್ಲಿರುವ ಮೇಲಿನ ಶಿವಾಲಯದ ಗೋಡೆಗಳಲ್ಲಿ ಗೋವರ್ಧನಧಾರಿ ಕೃಷ್ಣ, ಉಗ್ರನರಸಿಂಹರ ಶಿಲ್ಪಗಳಿವೆ. ಸುತ್ತಲೂ ನಂತರದ ಕಾಲದ ಬುರುಜು, ಕಣಜಗಳು.

ಇತಿಹಾಸದಲ್ಲಿ ಆಸಕ್ತಿಯುಳ್ಳವರು ಇಲ್ಲಿ ನಿಂತು ಯೋಚಿಸಲು ಸಾಕಷ್ಟು ಸಂಗತಿಗಳಿವೆ. ಈ ಗುಡ್ಡದ ಬಂಡೆಯೊಂದರಲ್ಲಿ ಒಂದನೆಯ ಪುಲಕೇಶಿಯ ಶಾಸನವಿದೆ. ಶಕವರ್ಷ 465, ಎಂದರೆ ಕ್ರಿ.ಶ. 543. ವಾತಾಪಿಯ ಬೆಟ್ಟವನ್ನು ಕೋಟೆಯಾಗಿಸಿದ ಸಂಗತಿ ಅದರಲ್ಲಿದೆ. ಕನ್ನಡ ನಾಡಿನ ಬಹುಭಾಗವನ್ನು ಒಂದೇ ಆಳ್ವಿಕೆಯ ಕೆಳಗೆ ತಂದ ರಾಜ್ಯದ ಹುಟ್ಟುಪತ್ರವೆಂದರೆ ತಪ್ಪಾಗಲಾರದು. ಅದಾಗಿ ನೂರು ವರ್ಷಗಳೊಳಗೆ, 642ರ ಸುಮಾರಿಗೆ, ಇಮ್ಮಡಿ ಪುಲಕೇಶಿಯನ್ನು ಸೋಲಿಸಿದ ಪಲ್ಲವರ ಒಂದನೆಯ ನರಸಿಂಹವರ್ಮ ಇದೇ ಕೋಟೆಯನ್ನು ಹಿಡಿದನು. ಹರ್ಷವರ್ಧನನನ್ನು ನರ್ಮದೆಯಲ್ಲಿ ತಡೆದ ಅರಸನ ರಾಜಧಾನಿ ಹದಿಮೂರು ವರ್ಷ ಪರರ ಕೈಯಲ್ಲಿತ್ತು. ಊರೊಳಗಿನ ತೆಕ್ಕಿನ ಈರಪ್ಪನ ಗುಡಿಯ ಪಕ್ಕದ ಬಂಡೆಯ ಮೇಲೆ ಪಲ್ಲವರ ಆ ವಿಜಯದ ಶಾಸನ ಸವೆದ ಸ್ಥಿತಿಯಲ್ಲಿ ಇಂದಿಗೂ ಇದೆ. 655ರ ಹೊತ್ತಿಗೆ ಪುಲಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯ ರಾಜಧಾನಿಯನ್ನು ಮರಳಿ ಪಡೆದನು. ಗೆದ್ದವರು ಕೆತ್ತಿಸಿದ್ದನ್ನು ಅವನು ಪೂರ್ತಿಯಾಗಿ ಅಳಿಸಿಹಾಕಲಿಲ್ಲ ಎಂಬುದು ಗಮನಿಸಬೇಕಾದ ಅಂಶ.

ಪಲ್ಲವ ಸೇನಾನಿ ಪರಂಜ್ಯೋತಿ ವಾತಾಪಿಯಿಂದ ಗಣಪತಿಯ ವಿಗ್ರಹವೊಂದನ್ನು ತಮಿಳುನಾಡಿನ ತಿರುಚ್ಚೆಂಗಾಟ್ಟಂಗುಡಿಗೆ ಕೊಂಡೊಯ್ದನೆಂಬ ಪ್ರತೀತಿಯೂ ಉಂಟು. ಮುತ್ತುಸ್ವಾಮಿ ದೀಕ್ಷಿತರು ಹಂಸಧ್ವನಿ ರಾಗದಲ್ಲಿ ರಚಿಸಿದ ಹೆಸರಾಂತ ಕೃತಿಯಿಂದಾಗಿ ಸಂಗೀತ ಬಲ್ಲವರಿಗೆಲ್ಲ ವಾತಾಪಿಯ ಹೆಸರು ಪರಿಚಿತ. ಕಚೇರಿಗಳಲ್ಲಿ ಆ ಕೃತಿ ಕೇಳಿ ತಲೆದೂಗಿದವರಲ್ಲಿ ಬಾದಾಮಿಯನ್ನು ಕಂಡವರೆಷ್ಟೋ! ಮುಂದೆಯೂ ಈ ಕೋಟೆ ಸುಮ್ಮನಿರಲಿಲ್ಲ. 1786ರಲ್ಲಿ ಮರಾಠರು ಮತ್ತು ನಿಜಾಮರ ಸೇನೆ ಟಿಪ್ಪುವಿನವರಿಂದ ಇದನ್ನು ಕಸಿದುಕೊಂಡಿತು. 1818ರಲ್ಲಿ ಥಾಮಸ್ ಮನ್ರೋ ಬ್ರಿಟಿಷರ ವಶಕ್ಕೆ ತಂದನು.

ಕೋಟೆಯಿಂದ ಇಳಿದ ಮೇಲೆ ಮಾಲೆಗಿತ್ತಿ ಶಿವಾಲಯ. ಒಂಟಿ ಬಂಡೆಯೊಂದರ ನೆತ್ತಿಯ ಮೇಲೆ ಹಿಡಿಮೈಯ ಗುಡಿ, ಏಳನೆಯ ಶತಮಾನದ್ದು. ಮಾಲೆ ಕಟ್ಟುವಾಕೆ ಎಂಬ ಅರ್ಥದ ಹೆಸರು ಹೇಗೆ ಬಂದಿತೆಂಬುದಕ್ಕೆ ಜನರ ಬಾಯಲ್ಲಿ ಕಥೆಗಳಿವೆ. ಕಟ್ಟಿದಾತ ಆರ್ಯಮಿಂಚಿ ಉಪಾಧ್ಯಾಯನೆಂದು ಅಲ್ಲಿಯ ಬರಹ ತಿಳಿಸುತ್ತದೆ. ಕಟ್ಟಡ ಬಹುತೇಕ ಇಡಿಯಾಗಿ ಉಳಿದಿದೆ. ಬಾದಾಮಿಯ ಕಟ್ಟಿದ ಗುಡಿಗಳಲ್ಲಿ ಒಂದನ್ನೇ ನೋಡುವುದಾದರೆ ಇದನ್ನು ನೋಡಬೇಕು.

ಪೂರ್ವದ ತುದಿ

ಸಂಜೆಯನ್ನು ಭೂತನಾಥ ಗುಡಿಗೆ ಮೀಸಲಿಡುವುದು ಜಾಣತನ. ಸಂಗ್ರಹಾಲಯದಿಂದ ಕೆರೆಯ ಅಂಚಿನಲ್ಲಿಯೇ ಹತ್ತು–ಹದಿನೈದು ನಿಮಿಷ ನಡೆದರೆ ಸಾಕು. ದಾರಿಯಲ್ಲಿ ಮೆಟ್ಟಿಲುಮೆಟ್ಟಿಲಾದ ಶಿಖರಗಳ ಮಲ್ಲಿಕಾರ್ಜುನ ಗುಡಿಗಳ ಸಮೂಹ ಸಿಗುತ್ತದೆ. ಭೂತನಾಥನ ಗರ್ಭಗುಡಿ ಬಾದಾಮಿ ಚಾಲುಕ್ಯರದು. ನೀರಿನೊಳಕ್ಕೆ ಚಾಚಿದ ಹೊರಮಂಟಪವನ್ನು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಸೇರಿಸಲಾಗಿದೆ. ಗುಡಿ ಪಶ್ಚಿಮಕ್ಕೆ ಮುಖಮಾಡಿರುವುದರಿಂದ ಮುಳುಗುವ ಸೂರ್ಯನ ಬೆಳಕು ಕೆರೆಯುದ್ದಕ್ಕೂ ಹಾದು ಕಂಬಗಳ ಮೇಲೆ ಬೀಳುತ್ತದೆ. ಹಿಂದಿನ ಬಂಡೆಗಳು ಇಟ್ಟಿಗೆಯ ಬಣ್ಣದಿಂದ ಕೆಂಡದ ಬಣ್ಣಕ್ಕೆ ತಿರುಗುತ್ತವೆ. ಮಂಟಪದ ಮೆಟ್ಟಿಲ ಮೇಲೆ ಕುಳಿತು ಸುಮ್ಮನಿರುವುದಕ್ಕಿಂತ ಹೆಚ್ಚಿನ ಕಾರ್ಯಕ್ರಮ ಬೇಕಿಲ್ಲ. ಕೆರೆಯ ನೀರು ಮಾತ್ರ ಮಳೆಯ ಮರ್ಜಿಗೆ ಒಳಪಟ್ಟಿದೆ. ಬರದ ವರ್ಷಗಳಲ್ಲಿ ಬಂದವರಿಗೆ ಚಿತ್ರಗಳಲ್ಲಿ ಕಂಡ ಪ್ರತಿಬಿಂಬ ಸಿಗುವ ಭರವಸೆ ಇಲ್ಲ.

ಗುಡಿಯ ಹಿಂಬದಿಗೆ ಬಂಡೆಯ ಅಡಿಯಲ್ಲಿ ಅನಂತಶಯನ ವಿಷ್ಣುವಿನ ಉಬ್ಬುಶಿಲ್ಪವಿದೆ. ಪಕ್ಕದ ಚಿಕ್ಕ ಗವಿಯಲ್ಲಿ ಕುಳಿತ ಮೂರ್ತಿಯನ್ನು ಜನ ಕೋಷ್ಠರಾಯನೆಂದು ಕರೆಯುತ್ತಾರೆ. ಕುಷ್ಠದಿಂದ ಬಳಲುತ್ತಿದ್ದ ಅರಸನೊಬ್ಬ ಈ ಕೆರೆಯ ನೀರಿನಲ್ಲಿ ಮಿಂದು ಗುಣಹೊಂದಿದನೆಂಬುದು ಅವರ ನಂಬಿಕೆ.

ಕನ್ನಡಿಗರು ಇಲ್ಲಿಗೆ ಬಂದು ನೋಡದೆ ಹೋಗಬಾರದ ಒಂದು ಬಂಡೆಯಿದೆ. ಕೆರೆಯ ಈಶಾನ್ಯಕ್ಕೆ, ತಟ್ಟುಕೋಟಿಯ ಕಡೆಯ ಬೆಟ್ಟದ ಮಗ್ಗುಲಲ್ಲಿ, ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನ. ಹತ್ತು ಸಾಲುಗಳ ಚಿಕ್ಕ ಬರಹ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ತ್ರಿಪದಿಗಳು ಇದರಲ್ಲಿವೆ. ದಾನ, ದತ್ತಿ, ಯುದ್ಧ, ವಂಶಾವಳಿ ಯಾವುದೂ ಅಲ್ಲದೆ ಒಬ್ಬ ಮನುಷ್ಯನ ಸ್ವಭಾವವನ್ನು ಬಣ್ಣಿಸುವುದಕ್ಕಾಗಿಯೇ ಬಂಡೆಯಲ್ಲಿ ಅಕ್ಷರ ಕೊರೆಯಿಸಿದ್ದು ಅಪರೂಪ. ಈತ ಯಾರು, ಯಾವ ಸಾಹಸ ಮಾಡಿದನೆಂಬುದನ್ನು ಶಾಸನ ಬಿಡಿಸಿ ಹೇಳುವುದಿಲ್ಲ. ಪಠ್ಯಪುಸ್ತಕದಲ್ಲಿ ಈ ಸಾಲುಗಳನ್ನು ಬಾಯಿಪಾಠ ಮಾಡಿ ಅಂಕ ಗಳಿಸಿದ ಸಾವಿರಾರು ಮಂದಿ ಬಾದಾಮಿಗೆ ಬಂದೂ, ಅದು ಗುಹೆಗಳಿಂದ ಕಣ್ಣಳತೆಯ ದೂರದಲ್ಲಿದೆಯೆಂದು ಅರಿಯದೆ ಹಿಂದಿರುಗಿದ್ದಾರೆ. ಬಹುಶಃ ಬಾದಾಮಿಯ ಒಂದು ತಾಸಿನ ಪ್ರವಾಸದಲ್ಲಿ ಆಗುವ ದೊಡ್ಡ ನಷ್ಟ ಇದೇ. ಭೂತನಾಥದ ಬಳಿ ಊರಿನವರನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ಬಂಡೆ ಏರುವವರಿಗೆ, ಕಾಡು ನಡೆಯುವವರಿಗೆ

ಬಾದಾಮಿಯ ಮರಳುಗಲ್ಲು ಪದರಪದರವಾಗಿ ಅಡ್ಡಲಾಗಿ ಸೀಳಿರುವುದರಿಂದ ಕೈಬೆರಳಿಗೆ ಹಿಡಿತ ಚೆನ್ನಾಗಿ ದೊರೆಯುತ್ತದೆ. ಶಿಲ್ಪಿಗಳನ್ನು ಕರೆತಂದ ಇದೇ ಕಲ್ಲು ಈಗ ಶಿಲಾರೋಹಿಗಳನ್ನೂ ಕರೆತರುತ್ತಿದೆ. ಊರ ಸುತ್ತಲಿನ ಬಂಡೆಗಳಲ್ಲಿ ಬೋಲ್ಟು ಬಡಿದು ಗುರುತಿಸಿದ ಆರೋಹಣ ಮಾರ್ಗಗಳಿವೆ. ಚಳಿಗಾಲದಲ್ಲಿ ದೇಶ ವಿದೇಶಗಳ ಆರೋಹಿಗಳು ವಾರಗಟ್ಟಲೆ ತಂಗುವುದುಂಟು. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯೂ ಇಲ್ಲಿ ತರಬೇತಿ ನಡೆಸಿದೆ. ಹಗ್ಗ ಮತ್ತು ಅನುಭವಿ ಜೊತೆಗಾರರಿಲ್ಲದೆ ಏರಬಾರದು. ಸ್ಮಾರಕ ಅಥವಾ ಶಾಸನವಿರುವ ಬಂಡೆಗಳ ಮೇಲಂತೂ ಏರಲೇಬಾರದು.

ನಡಿಗೆ ಇಷ್ಟಪಡುವವರಿಗೆ ಕುರುಚಲು ಕಾಡಿನ ಮೂಲಕ ಸಿಡ್ಲಫಡಿಗೆ ಹೋಗಿಬರುವುದು ಅರ್ಧ ದಿನದ ಕೆಲಸ. ಸಿಡಿಲು ಬಿದ್ದು ತೂತಾಯಿತೆಂದು ಜನ ಹೇಳುವ ದೊಡ್ಡ ಕಲ್ಲಾಸರೆಯ ಅಡಿಯಲ್ಲಿ ಇತಿಹಾಸಪೂರ್ವ ಕಾಲದವರು ಕೆಂಪು ಬಣ್ಣದಲ್ಲಿ ಬಿಡಿಸಿದ ಪ್ರಾಣಿಗಳ, ಮನುಷ್ಯರ ಚಿತ್ರಗಳಿವೆ. ಗುಹೆಗಳನ್ನು ಕೊರೆಯುವ ಸಾವಿರಾರು ವರ್ಷ ಮೊದಲೇ ಇಲ್ಲಿಯ ಬಂಡೆಗಳು ಚಿತ್ರಶಾಲೆಗಳಾಗಿದ್ದವು. ದಾರಿ ಸ್ಪಷ್ಟವಾಗಿಲ್ಲ. ಸ್ಥಳೀಯರೊಬ್ಬರನ್ನು ಜೊತೆಗೆ ಕರೆದೊಯ್ಯಬೇಕು, ನೀರು ಜೊತೆಗಿರಬೇಕು.

ಎರಡನೆಯ ದಿನಕ್ಕೆ

ಬನಶಂಕರಿ ಊರಿನಿಂದ 5 ಕಿ.ಮೀ. ಚಾಲುಕ್ಯರ ಕುಲದೇವತೆಯೆಂದು ಪ್ರಸಿದ್ಧಿ. ಗುಡಿಯ ಮುಂದೆ ಮೂರು ಬದಿಗೂ ಕಲ್ಲಿನ ಮಂಟಪಗಳಿರುವ ಹರಿದ್ರಾತೀರ್ಥ ಎಂಬ ಹೊಂಡವಿದೆ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ತೇರು. ಅಂದಿನಿಂದ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ಉತ್ತರ ಕರ್ನಾಟಕದ ವೃತ್ತಿ ನಾಟಕ ಕಂಪನಿಗಳಿಗೆ ವರ್ಷದ ಗಳಿಕೆಯ ದೊಡ್ಡ ಭಾಗ ಈ ಜಾತ್ರೆಯಿಂದಲೇ. ಸಾಲುಸಾಲು ಥಿಯೇಟರುಗಳಲ್ಲಿ ರಾತ್ರಿಯಿಡೀ ಆಟ. ಊರ ರೈತರು ಮನೆಯ ಬಾಗಿಲು ಚೌಕಟ್ಟುಗಳನ್ನು ಕೊಳ್ಳುವುದೂ ಇಲ್ಲಿಯೇ. ಜಾತ್ರೆಯಿಲ್ಲದ ದಿನಗಳಲ್ಲಿ ಗುಡಿಯ ಬಳಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ತರುವ ಖಡಕ್ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಗಡಿಗೆ ಮೊಸರಿನ ಊಟ ಯಾವ ಹೋಟೆಲಿಗೂ ಕಡಿಮೆಯಿಲ್ಲ.

ಮಹಾಕೂಟದಲ್ಲಿ ಚಾಲುಕ್ಯ ಗುಡಿಗಳ ನಡುವೆ ಸದಾ ಊಟೆಯ ನೀರು ತುಂಬಿರುವ ಪುಷ್ಕರಣಿಯಿದೆ. ಈಜು ಬಲ್ಲವರು ಬಟ್ಟೆ ತೆಗೆದುಕೊಂಡೇ ಹೋಗುತ್ತಾರೆ. ಮಂಗಳೇಶನ ಕಾಲದ ಹೆಸರಾಂತ ಶಾಸನಸ್ತಂಭವನ್ನು ಹುಡುಕುವುದು ಬೇಡ. ಅದು ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಪಟ್ಟದಕಲ್ಲು ಸುಮಾರು 22 ಕಿ.ಮೀ., ಐಹೊಳೆ ಸುಮಾರು 35 ಕಿ.ಮೀ. ಪಟ್ಟದಕಲ್ಲು 1987ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಮಲಪ್ರಭೆಗೆ ಮಹಾಪೂರ ಬಂದಾಗ ಈ ಎರಡೂ ಊರುಗಳ ಗುಡಿಗಳಿಗೆ ನೀರು ನುಗ್ಗುವುದುಂಟು. 2019ರ ಆಗಸ್ಟ್‌ನಲ್ಲಿ ಹಾಗಾಗಿತ್ತು. ಆದ್ದರಿಂದ ಮಳೆಗಾಲದ ಕೊನೆಯಲ್ಲಿ ಹೊರಡುವ ಮೊದಲು ವಿಚಾರಿಸಿಕೊಳ್ಳಬೇಕು. ಕೊಂಡೊಯ್ಯುವುದಕ್ಕೆ ಗುಳೇದಗುಡ್ಡದ ಖಣ, ಇಳಕಲ್ ಸೀರೆ, ಅಮೀನಗಡದ ಕರದಂಟು, ಮೂರೂ ಇದೇ ಸೀಮೆಯವು.

ತಿಳಿದಿರಬೇಕಾದದ್ದು

ಗದಗ–ವಿಜಯಪುರ ಮಾರ್ಗದಲ್ಲಿರುವ ಬಾದಾಮಿ ರೈಲು ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ದೂರದಲ್ಲಿದೆ, ಆಟೊ, ಟಂಟಂ ಸಿಗುತ್ತವೆ. ಹುಬ್ಬಳ್ಳಿ, ಬಾಗಲಕೋಟೆ, ಗದಗಗಳಿಂದ ಬಸ್ಸುಗಳಿವೆ. ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಚಾಲುಕ್ಯ ಮತ್ತು ಖಾಸಗಿ ವಸತಿಗೃಹಗಳಲ್ಲಿ ತಂಗಬಹುದು. ಬನದ ಹುಣ್ಣಿಮೆಯ ಆಸುಪಾಸಿನಲ್ಲಿ ಕೋಣೆಯನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಅಕ್ಟೋಬರ್‌ನಿಂದ ಫೆಬ್ರುವರಿಯವರೆಗೆ ಹವೆ ಹಿತಕರ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಗಿನ ಹತ್ತರ ಮೇಲೆ ಬಂಡೆ ಕಾಯ್ದು ಕಾಲಿಡಲಾಗುವುದಿಲ್ಲ. ಬೆಳಗಿನ ತಂಪಿನಲ್ಲಿ ಕೋಟೆ, ನಂತರ ಸಂಗ್ರಹಾಲಯ, ಇಳಿಹೊತ್ತಿಗೆ ಗುಹೆಗಳು, ಸಂಜೆಗೆ ಭೂತನಾಥ ಎಂದು ಕ್ರಮ ಬದಲಿಸಿಕೊಂಡರೂ ಆದೀತು. ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಗುಹೆಗಳ ಮೆಟ್ಟಿಲಲ್ಲಿ ತಿಂಡಿಯ ಪೊಟ್ಟಣವನ್ನು ಕೈಯಲ್ಲಿ ಹಿಡಿದು ನಡೆಯಬಾರದು. ಬಾದಾಮಿಯ ಕೋತಿಗಳಿಗೆ ಅತಿಥಿ ಸತ್ಕಾರದ ಅಭ್ಯಾಸವಿಲ್ಲ.